ಎಲ್ಲವೂ ಸರಿ ಇದ್ದರೂ ಎದೆ ಯಾಕೆ ನಡುಗುತ್ತದೆ?

ಪ್ರಶ್ನೆ: ಅಕ್ಕ ಅವರಿಗೆ ಶರಣು. ನನಗೆ 43 ವರ್ಷ. ಜಮಖಂಡಿಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಬೆಳಿಗ್ಗೆ ಯಜಮಾನರು ಕೂರುತ್ತಾರೆ, ಮಧ್ಯಾಹ್ನದ ಮೇಲೆ ನಾನು. ಉದ್ರಿ ಪುಸ್ತಕ ನನ್ನ ಕೈಯಲ್ಲೇ ಇರುತ್ತದೆ. ಮಗಳು ಬೆಳಗಾವಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಾಳೆ. ಮಗ ಈ ವರ್ಷ ಹತ್ತನೆಯ ತರಗತಿ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದ್ದರೂ ಹತೋಟಿಯಲ್ಲಿದೆ. ಹೇಳಿಕೊಳ್ಳುವಂಥ ಸಾಲವಿಲ್ಲ, ಜಗಳವಿಲ್ಲ.

ಆದರೂ ಒಂದೂವರೆ ವರ್ಷದಿಂದ ಎದೆಯಲ್ಲಿ ಅಂಜಿಕೆ ಕೂತುಬಿಟ್ಟಿದೆ. ಯಜಮಾನರು ವಾರಕ್ಕೊಮ್ಮೆ ಸಾಮಾನು ತರಲು ವಿಜಯಪುರಕ್ಕೆ ಹೋಗುತ್ತಾರೆ. ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ರಸ್ತೆಯ ಮೇಲಿರುತ್ತವೆ. ಅವರು ಮನೆ ಸೇರುವವರೆಗೆ ನನ್ನ ಗಂಟಲಲ್ಲಿ ನೀರೂ ಇಳಿಯುವುದಿಲ್ಲ. ಅವರು ಬಂದರೆ ಮಗಳ ಯೋಚನೆ ಶುರು. ಹೋದ ತಿಂಗಳು ಅವಳು ಮೊಬೈಲ್ ಎತ್ತಲಿಲ್ಲವೆಂದು ಹನ್ನೊಂದು ಸಲ ಕರೆ ಮಾಡಿದೆ, ಆಮೇಲೆ ಅವಳ ಗೆಳತಿಗೆ, ಕೊನೆಗೆ ವಾರ್ಡನ್‌ಗೆ. ಅವಳು ಗ್ರಂಥಾಲಯದಲ್ಲಿ ಓದುತ್ತ ಕೂತಿದ್ದಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ರಾತ್ರಿ ಗ್ಯಾಸ್ ಬಂದ್ ಮಾಡಿದ್ದೇನೆಯೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುತ್ತೇನೆ. ಯಾವ ಯೋಚನೆಯೂ ಬಾರದ ದಿನ, ಮುಖ್ಯವಾದದ್ದೇನನ್ನೋ ಮರೆತಿದ್ದೇನೆ ಎಂದು ಹೆದರುತ್ತೇನೆ.

ಕುತ್ತಿಗೆ, ಭುಜ ಕಲ್ಲಿನಂತೆ ಬಿಗಿದಿರುತ್ತವೆ. ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮಗ ಏನಾದರೂ ಕೇಳಿದರೆ ರೇಗುತ್ತೇನೆ. ಎದೆ ಹೊಡೆದುಕೊಳ್ಳುತ್ತದೆಂದು ಇಸಿಜಿ ಮಾಡಿಸಿದೆವು. ಎಲ್ಲ ಸರಿ ಇದೆ, ಟೆನ್ಷನ್ ಮಾಡಿಕೊಳ್ಳಬೇಡಿ ಎಂದರು. ಓಣಿಯವರು ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ಗಾದೆ ಹೇಳುತ್ತಾರೆ. ಅತ್ತೆ ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದಾರೆ. ಪಕ್ಕದ ಮನೆಯವರು ಕೊಟ್ಟ ನಿದ್ದೆಯ ಗುಳಿಗೆಯನ್ನು ಅರ್ಧ ಮಾಡಿ ನಾಲ್ಕು ಸಲ ನುಂಗಿದ್ದೇನೆ. ಯಜಮಾನರು ‘ಕಾಳಜಿ ಮಾಡಬೇಡ’ ಎನ್ನುತ್ತಾರೆ. ನಾನು ಕಾಳಜಿ ಮಾಡದಿದ್ದರೆ ಈ ಮನೆಯಲ್ಲಿ ಮತ್ತೆ ಯಾರು ಮಾಡುತ್ತಾರೆ? ಇದು ಕಾಯಿಲೆಯೇ, ನನ್ನ ಸ್ವಭಾವವೇ?

– ಹೆಸರು ಬೇಡ, ಜಮಖಂಡಿ

ಉತ್ತರ: ತಂಗಿ, ನಿಮ್ಮ ಪತ್ರದ ಒಂದು ಸಾಲಿನ ಕೆಳಗೆ ನಾನು ಪೆನ್ಸಿಲ್‌ನಿಂದ ಗೆರೆ ಎಳೆದಿದ್ದೇನೆ. ‘ನಾನು ಕಾಳಜಿ ಮಾಡದಿದ್ದರೆ ಈ ಮನೆಯಲ್ಲಿ ಮತ್ತೆ ಯಾರು ಮಾಡುತ್ತಾರೆ?’ ಇಡೀ ಪತ್ರದ ಗಂಟು ಅಲ್ಲಿದೆ.

ಬೆಂಗಳೂರು, ಮೈಸೂರಿನ ಕಡೆ ಕಾಳಜಿ ಎಂದರೆ ಅಕ್ಕರೆಯಿಂದ ನೋಡಿಕೊಳ್ಳುವುದು, ಅಷ್ಟೇ. ನಮ್ಮ ಕಡೆ ಆ ಒಂದೇ ಮಾತಿಗೆ ಎರಡು ಅರ್ಥ. ಅತ್ತೆಯವರ ಕಾಳಜಿ ತೆಗೆದುಕೊಳ್ಳುತ್ತಾಳೆ ಎಂದರೆ ಹೊತ್ತಿಗೆ ಸರಿಯಾಗಿ ಊಟ, ಗುಳಿಗೆ ಕೊಡುತ್ತಾಳೆ ಎಂದು. ಮಗಳ ಕಾಳಜಿ ಹಚ್ಚಿಕೊಂಡಿದ್ದಾಳೆ ಎಂದರೆ ಅನ್ನ, ನಿದ್ದೆ ಬಿಟ್ಟು ಕೊರಗುತ್ತಿದ್ದಾಳೆ ಎಂದು. ಮೊದಲನೆಯದು ಕೈ ಮಾಡುವ ಕೆಲಸ, ಎರಡನೆಯದು ಎದೆ ಪಡುವ ಪಾಡು. ಎರಡಕ್ಕೂ ಒಂದೇ ಹೆಸರು ಇರುವುದರಿಂದ ನಮ್ಮಂಥ ಹೆಂಗಸರು ಎರಡೂ ಒಂದೇ ಎಂದು ನಂಬಿಬಿಡುತ್ತೇವೆ. ಕೊರಗುವುದನ್ನು ಬಿಟ್ಟರೆ ನೋಡಿಕೊಳ್ಳುವುದನ್ನೇ ಬಿಟ್ಟಂತೆ ಎಂದು ಅಂಜುತ್ತೇವೆ. ಯಜಮಾನರು ‘ಕಾಳಜಿ ಮಾಡಬೇಡ’ ಎಂದಾಗ ನಿಮಗೆ ಕೋಪ ಬರುವುದು ಅದಕ್ಕೇ. ನಿನ್ನ ಸಂಸಾರವನ್ನು ಕೈಬಿಡು ಎಂದಂತೆ ನಿಮಗೆ ಕೇಳಿಸುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಆಗ ನಾನು ಬಾಗಲಕೋಟೆಯಲ್ಲಿ ಆಸ್ಪತ್ರೆಯ ನರ್ಸ್. ನಮ್ಮ ಯಜಮಾನರು ಬಸ್ ಚಾಲಕರು, ಪುಣೆಗೆ ಹೋಗಿ ಬರುವ ರಾತ್ರಿ ಬಸ್ಸು ಅವರದು. ಮೊಬೈಲ್ ಇಲ್ಲದ ಕಾಲ. ಅವರು ಹಿಂತಿರುಗುವ ರಾತ್ರಿ ನಾನು ಮಲಗುತ್ತಿರಲಿಲ್ಲ. ಹೊಸ್ತಿಲ ಒಳಗೆ ಗೋಡೆಗೆ ಒರಗಿ, ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತ ಕೂರುತ್ತಿದ್ದೆ. ಒಂದು ಹರಳು ಸಿಕ್ಕರೆ ಒಂದು ತಿರುವು ದಾಟಿತು ಎಂದು ಲೆಕ್ಕ. ಬೆಳಗಿನ ಜಾವ ಐದಕ್ಕೆ ಅವರ ಸೈಕಲ್ಲಿನ ಸಪ್ಪಳ ಓಣಿಯ ತುದಿಯಲ್ಲಿ ಕೇಳಿದ ಮೇಲೆಯೇ ಮೊರ ಕೆಳಗಿಡುತ್ತಿದ್ದೆ. ಹೀಗೆ ಆರು ವರ್ಷ. ನನ್ನ ಎಚ್ಚರವೇ ಆ ಬಸ್ಸನ್ನು ರಸ್ತೆಯ ಮೇಲೆ ಹಿಡಿದಿಟ್ಟಿದೆ ಎಂದು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಆದರೆ ಎದೆಯಲ್ಲಿ ಅದೇ ನಂಬಿಕೆ ಇತ್ತು.

ಒಂದು ದಿನ ಸತತ ಎರಡು ಪಾಳಿ ಮಾಡಿ ಬಂದವಳು ಕೂತಲ್ಲೇ ನಿದ್ದೆ ಹೋದೆ. ಎಚ್ಚರವಾದಾಗ ಬಿಸಿಲು ಬಂದಿತ್ತು. ಅವರು ತಾವೇ ಚಹಾ ಮಾಡಿಕೊಂಡು ಕುಡಿದು, ನನ್ನ ಮೇಲೊಂದು ಚಾದರ ಹೊದಿಸಿ, ಪಡಸಾಲೆಯಲ್ಲಿ ಮಲಗಿದ್ದರು. ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಕಾವಲು ಬಿಟ್ಟು ಓಡಿಹೋದವಳಂತೆ ಅಳು ಬಂತು. ಆಸ್ಪತ್ರೆಯಲ್ಲಿ ನಮ್ಮ ಹಿರಿಯ ಸಿಸ್ಟರ್ ಒಬ್ಬರಿಗೆ ಇದನ್ನು ಹೇಳಿದೆ. ಅವರು ಬ್ಯಾಂಡೇಜ್ ಬಟ್ಟೆ ಸುತ್ತುತ್ತ, ತಲೆ ಎತ್ತದೆಯೇ ಕೇಳಿದರು: ‘ನೀನು ಎಚ್ಚರ ಇದ್ದ ರಾತ್ರಿ ಸ್ಟೀರಿಂಗ್ ಯಾರ ಕೈಯಲ್ಲಿ ಇರುತ್ತಿತ್ತು?’

ಆ ಪ್ರಶ್ನೆಯನ್ನೇ ನಿಮಗೂ ಕೇಳುತ್ತಿದ್ದೇನೆ, ಅಷ್ಟೇ ಪ್ರೀತಿಯಿಂದ.

ಈಗ ಕಾಯಿಲೆಯೇ ಎಂಬ ಮಾತು. ಚಿಂತೆ ಯಾರಿಗೆ ಇಲ್ಲ? ಆದರೆ ಹಲವು ವಿಷಯಗಳ ಬಗ್ಗೆ ಅತಿಯಾದ ಚಿಂತೆ, ಕನಿಷ್ಠ ಆರು ತಿಂಗಳು, ಹೆಚ್ಚಿನ ದಿನಗಳಲ್ಲಿ, ತಡೆಯಲು ನೋಡಿದರೂ ತಡೆಯಲಾಗದೆ ಬರುತ್ತಿದ್ದರೆ, ಜೊತೆಗೆ ಚಡಪಡಿಕೆ, ಬೇಗ ದಣಿವು, ಗಮನ ನಿಲ್ಲದಿರುವುದು, ರೇಗುವುದು, ಮೈ ಬಿಗಿತ, ನಿದ್ದೆ ಕೆಡುವುದು ಇವುಗಳಲ್ಲಿ ಮೂರಾದರೂ ಇದ್ದು ದಿನದ ಬದುಕು ಕೆಡುತ್ತಿದ್ದರೆ ವೈದ್ಯರು ಅದನ್ನು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಎನ್ನುತ್ತಾರೆ, ಅಂದರೆ ಒಂದು ವಿಷಯಕ್ಕೆ ಅಂಟಿಕೊಳ್ಳದೆ ಎಲ್ಲದಕ್ಕೂ ಹಬ್ಬುವ ಆತಂಕ. ನಿಮ್ಮ ಪತ್ರದಲ್ಲಿ ರೇಗುವುದು, ಬಿಗಿತ, ನಿದ್ದೆಗೇಡು ಮೂರೂ ಇವೆ, ಕಾಲವೂ ಒಂದೂವರೆ ವರ್ಷ. ಪತ್ರ ಓದಿ ಕಾಯಿಲೆಯ ಹೆಸರು ಅಂಟಿಸುವುದು ನನ್ನ ಕೆಲಸವಲ್ಲ. ಆದರೆ ಇದು ನಿಮ್ಮ ಹುಟ್ಟುಗುಣವೆಂದು ಸುಮ್ಮನಿರಬೇಡಿ. ಗುಣವಾಗುವ ತೊಂದರೆಯನ್ನು ಹಣೆಬರಹವೆಂದು ಹೊತ್ತುಕೊಂಡ ಎಷ್ಟೋ ಅಕ್ಕತಂಗಿಯರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಬಂದದ್ದು ಎದೆನೋವು, ತಲೆನೋವು, ಕೈಕಾಲು ಜೋಮು ಎಂದು. ಅಂಜಿಕೆಯೆಂದು ಹೇಳಿಕೊಂಡು ಬಂದವರು ಬಹಳ ಕಡಿಮೆ.

ಇಸಿಜಿ ಆಗಿದೆ, ಒಳ್ಳೆಯದು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಿರದಿದ್ದರೆ ಅವನ್ನೂ ಮಾಡಿಸಿ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ, ಮೈಯಲ್ಲಿ ರಕ್ತ ಕಡಿಮೆಯಾದರೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವ ಕಾಲವೂ ಹತ್ತಿರ ಬಂದಿರುತ್ತದೆ, ಅದರಿಂದಲೂ ನಿದ್ದೆ ಕೆಡಬಹುದು. ವೈದ್ಯರಿಗೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಅಂಗಡಿಯಲ್ಲಿ ಕೂತಾಗ ಎಷ್ಟು ಕಪ್ ಚಹಾ ಆಗುತ್ತದೆ ಎಂದು ಒಂದು ದಿನ ಎಣಿಸಿ ನೋಡಿ. ಸಂಜೆ ನಾಲ್ಕರ ಮೇಲಿನದನ್ನು ಬಿಟ್ಟುಬಿಡಿ.

ಇನ್ನು ಮನೆಯಲ್ಲಿ ನೀವೇ ಮಾಡಬಹುದಾದದ್ದು. ಉದ್ರಿ ಪುಸ್ತಕ ನನ್ನ ಕೈಯಲ್ಲೇ ಇದೆ ಎಂದು ಬರೆದಿದ್ದೀರಿ. ಅದನ್ನು ಓದಿ ನನಗೆ ಸಂತೋಷವಾಯಿತು, ಏಕೆಂದರೆ ನಾನು ಹೇಳಹೊರಟಿರುವ ವಿದ್ಯೆ ನಿಮಗೆ ಆಗಲೇ ಗೊತ್ತು. ಅಂಗಡಿಗೆ ಗಿರಾಕಿ ತುಂಬಿರುವಾಗ ಸಗಟು ವ್ಯಾಪಾರಿಯ ಹುಡುಗ ಬಂದು ‘ಬಾಕಿ ಕೊಡಿ’ ಎಂದು ನಿಂತರೆ ಏನು ಮಾಡುತ್ತೀರಿ? ಅವನನ್ನು ಬೈದು ಓಡಿಸುವುದಿಲ್ಲ. ತೂಗುತ್ತಿರುವ ಸಕ್ಕರೆಯನ್ನು ಬಿಟ್ಟು ಅವನ ಲೆಕ್ಕಕ್ಕೂ ಕೂರುವುದಿಲ್ಲ. ‘ಬರೆದಿಟ್ಟಿದ್ದೇನೆ, ಸಂಜೆ ಬಾ’ ಎನ್ನುತ್ತೀರಿ. ಚಿಂತೆಗೂ ಅದೇ ಮಾತು ಹೇಳಬೇಕು. ಚಿಂತೆ ಯಾವಾಗ ಬಂದರೂ ಕೂಡಲೇ ನಗದು ಕೇಳುತ್ತದೆ. ನೀವು ಒಂದೂವರೆ ವರ್ಷದಿಂದ ನಗದೇ ಕೊಡುತ್ತಿದ್ದೀರಿ.

ನೂರು ಹಾಳೆಯ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಉದ್ರಿ ಪುಸ್ತಕದಲ್ಲೇ ಬರೆಯಬೇಡಿ, ಬೇರೆಯದೇ ಇರಲಿ. ದಿನಕ್ಕೆ ಅರ್ಧ ಗಂಟೆ ಗೊತ್ತುಮಾಡಿ. ಮೂರೂವರೆಯಿಂದ ನಾಲ್ಕು ಆಗಬಹುದು, ಶಾಲೆ ಬಿಡುವ ಮುಂಚೆ ಅಂಗಡಿ ಖಾಲಿ ಇರುವ ಹೊತ್ತು. ಪ್ರತಿದಿನ ಅದೇ ಹೊತ್ತು, ಅದೇ ಜಾಗ. ಹಾಸಿಗೆಯ ಮೇಲೆ ಬೇಡ, ಮಲಗುವ ಹೊತ್ತಿಗೆ ಹತ್ತಿರವೂ ಬೇಡ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಒಂದೇ ಮಾತು ಬರೆದು ಮುಚ್ಚಿಡಿ. ‘ಮಗಳು, ಫೋನ್’. ‘ಟ್ರ್ಯಾಕ್ಟರ್’. ‘ಮಗ, ಗಣಿತ’. ಬರೆದ ಮೇಲೆ ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಮೂರೂವರೆಗೆ ಪುಸ್ತಕ ತೆರೆದು ಮನಸಾರೆ ಚಿಂತೆ ಮಾಡಿ. ಆಗ ಯಾರೂ ‘ಬೇಡ’ ಎನ್ನಬಾರದು, ನೀವೂ ಅನ್ನಬಾರದು.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಥಾಮಸ್ ಬೊರ್ಕೊವೆಕ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು 1983ರಲ್ಲಿಯೇ ಇಂಥ ಅರ್ಧ ಗಂಟೆಯ ಕ್ರಮವನ್ನು ಪರೀಕ್ಷಿಸಿ ನೋಡಿ, ಚಿಂತೆಯಲ್ಲಿ ಕಳೆಯುವ ಹೊತ್ತು ಇದರಿಂದ ಕಡಿಮೆಯಾಗುತ್ತದೆ ಎಂದು ಕಂಡರು. ಚಿಂತೆಯನ್ನೇ ಮಾಡಬಾರದು ಎಂದು ಪಣ ತೊಟ್ಟರೆ ಅದು ಇಮ್ಮಡಿಯಾಗುತ್ತದೆ. ಮುಂದೂಡುವುದು ಸಾಧ್ಯ. ಓಣಿಯವರ ಗಾದೆಯಿಂದ ನಿಮಗೆ ಉಪಕಾರ ಆಗದಿರುವುದಕ್ಕೂ ಇದೇ ಕಾರಣ. ಗಾದೆ ಸುಳ್ಳಲ್ಲ, ಆದರೆ ಅದನ್ನು ಕೇಳಿದವರಿಗೆ ‘ನನಗೆ ಮನೆಯಲ್ಲೂ ನಿದ್ದೆ ಇಲ್ಲವಲ್ಲ’ ಎಂಬ ಇನ್ನೊಂದು ಚಿಂತೆ ಸೇರುತ್ತದೆ.

ಆ ಅರ್ಧ ಗಂಟೆಯಲ್ಲಿ ಪ್ರತಿಯೊಂದು ಸಾಲಿನ ಎದುರು ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದರಲ್ಲಿ ನನ್ನ ಕೈಗೆ ಕೆಲಸ ಇದೆಯೇ? ಟ್ರ್ಯಾಕ್ಟರಿನ ಅಂಜಿಕೆಯಲ್ಲಿ ಕೆಲಸ ಇದೆ. ಹಂಗಾಮು ಮುಗಿಯುವವರೆಗೆ ಯಜಮಾನರು ಬೆಳಿಗ್ಗೆ ಬೇಗ ಹೊರಟು ಕತ್ತಲಾಗುವ ಮುಂಚೆ ಮನೆ ಸೇರಲಿ. ಅವರು ವಿಜಯಪುರಕ್ಕೆ ಹೋಗುವ ದಿನ ಬೆಳಗಿನ ಅಂಗಡಿಯನ್ನು ನೀವು ಕೂತು ನಡೆಸಿ. ಇದು ಮೊದಲನೆಯ ಅರ್ಥದ ಕಾಳಜಿ. ಅಷ್ಟು ಮಾಡಿ ಆ ಸಾಲನ್ನು ಹೊಡೆದುಹಾಕಿ. ‘ಆದರೂ ಏನಾದರೂ ಆದರೆ’ ಎಂದು ಉಳಿಯುತ್ತದಲ್ಲ, ಅದರಲ್ಲಿ ನಿಮ್ಮ ಕೈಗೆ ಕೆಲಸವಿಲ್ಲ. ಅದನ್ನು ಬರೆದು, ಎದುರಿಗೆ ಒಂದು ಸೊನ್ನೆ ಹಾಕಿ ಬಿಡಿ. ನಾಳೆ ಮತ್ತೆ ಬರುತ್ತದೆ, ಮತ್ತೆ ಬರೆಯಿರಿ. ಮೊದಲ ವಾರ ಏನೂ ಆಗಿಲ್ಲ ಎನಿಸುತ್ತದೆ. ಪುಸ್ತಕವನ್ನು ಎಸೆಯಬೇಡಿ.

ಹದಿನೈದು ದಿನ ಕಳೆದ ಮೇಲೆ ಮೊದಲ ಪುಟ ತೆಗೆದು, ಬರೆದದ್ದರಲ್ಲಿ ಎಷ್ಟು ನಿಜವಾಯಿತು ಎಂದು ಎಣಿಸಿ. ಇಂಥ ಆತಂಕ ಇರುವ 29 ಜನರಿಂದ ಹೀಗೆಯೇ ಬರೆಸಿ, ಎಣಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅವರು ಬರೆದ ಚಿಂತೆಗಳಲ್ಲಿ ನೂರಕ್ಕೆ ಸುಮಾರು 91 ನಿಜವಾಗಲಿಲ್ಲ. ನಿಮಗೆ ಆಗ ಉಳಿದ ಒಂಬತ್ತರ ಮೇಲೆಯೇ ಕಣ್ಣು ಹೋಗುತ್ತದೆ ಎಂದು ನನಗೆ ಗೊತ್ತು. ಆ ಒಂಬತ್ತರ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ.

ಮಗಳ ಫೋನ್. ಹನ್ನೊಂದು ಕರೆ ಮಾಡಿದಾಗ ಹನ್ನೆರಡನೆಯದಕ್ಕೆ ಅವಳು ಎತ್ತಿ ‘ಅವ್ವಾ, ಇದ್ದೇನೆ’ ಎಂದರೆ ನಿಮ್ಮ ಎದೆ ತಣ್ಣಗಾಗುತ್ತದೆ, ಸರಿ. ಎಷ್ಟು ಹೊತ್ತು? ಹತ್ತು ನಿಮಿಷ. ಆಮೇಲೆ ಎದೆ ಒಂದು ಪಾಠ ಕಲಿಯುತ್ತದೆ: ಕರೆ ಮಾಡಿದ್ದರಿಂದಲೇ ಅವಳು ಕ್ಷೇಮವಾಗಿದ್ದಾಳೆ, ನಾಳೆ ಇನ್ನೂ ಬೇಗ ಮಾಡಬೇಕು. ನನ್ನ ಜೋಳದ ಹರಳಿನ ಲೆಕ್ಕವೂ ಇದೇ ಆಗಿತ್ತು. ಮಗಳ ಜೊತೆ ಕೂತು ಒಪ್ಪಂದ ಮಾಡಿಕೊಳ್ಳಿ. ರಾತ್ರಿ ಎಂಟೂವರೆಗೆ ಅವಳೇ ಕರೆ ಮಾಡಬೇಕು. ಆ ಒಂದು ಕರೆಯಲ್ಲಿ ಊಟ, ಪಾಠ, ಗೆಳತಿಯರು ಎಲ್ಲ ಮಾತಾಡಿ. ಉಳಿದ ಹೊತ್ತಿನಲ್ಲಿ ಕರೆ ಮಾಡಬೇಕು ಎನಿಸಿದರೆ ಮೊಬೈಲನ್ನು ಗಲ್ಲೆಯ ಒಳಗಿಟ್ಟು ಹದಿನೈದು ನಿಮಿಷ ಕಾಯಿರಿ. ಮುಂದಿನ ವಾರ ಅರ್ಧ ಗಂಟೆ. ಎದೆಬಡಿತ ಮೊದಲು ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಅದು ತಾನಾಗಿ ಇಳಿಯುವುದನ್ನು ನೀವು ಒಂದು ಸಲ ಕಣ್ಣಾರೆ ಕಾಣಬೇಕು, ಅದಕ್ಕಾಗಿಯೇ ಈ ಕಾಯುವಿಕೆ. ಗ್ಯಾಸಿಗೂ ಇದೇ ದಾರಿ. ರಾತ್ರಿ ಒಂದೇ ಸಲ, ಕೈಯಿಟ್ಟು ತಿರುಗಿಸಿ, ‘ಬಂದ್ ಆಯಿತು’ ಎಂದು ಬಾಯಿಬಿಟ್ಟು ಹೇಳಿ ಬನ್ನಿ. ಮೂರು ಸಲ ಹತ್ತಾಗಿ, ಗಂಟೆಗಟ್ಟಲೆ ಹಿಡಿಯತೊಡಗಿದರೆ ವೈದ್ಯರಿಗೆ ಅದನ್ನು ಬಿಡಿಸಿ ಹೇಳಲೇಬೇಕು. ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಮಗನ ಹತ್ತನೆಯ ತರಗತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವನ ಪುಸ್ತಕದ ಹತ್ತಿರ ನಿಮ್ಮ ಅಂಜಿಕೆಯನ್ನು ಒಯ್ಯಬೇಡಿ, ಅಷ್ಟು ಸಾಕು.

ರೊಟ್ಟಿ ಬಡಿಯುವ ಹೊತ್ತು ನಿಮಗೊಂದು ಒಳ್ಳೆಯ ಮದ್ದು ಎಂದು ನನ್ನ ಅನುಭವ. ಯೋಚನೆ ಬೇರೆ ಕಡೆ ಹೋದರೆ ರೊಟ್ಟಿಯ ಅಂಚು ಒಡೆಯುತ್ತದೆ, ನೋಡಿದ್ದೀರಲ್ಲ? ಹಿಟ್ಟಿಗೆ ಎಸರು ಹಾಕಿದಾಗ ಏಳುವ ಜೋಳದ ವಾಸನೆ, ನಾದುವಾಗ ಅಂಗೈಗೆ ತಾಗುವ ಬಿಸಿ, ಬಡಿಯುವಾಗ ಬೆರಳುಗಳ ಕೆಳಗೆ ರೊಟ್ಟಿ ತಿರುಗುತ್ತ ಅಗಲವಾಗುವುದು, ಹಂಚಿನ ಮೇಲೆ ಹಾಕಿ ನೀರು ಸವರಿದ ಬಟ್ಟೆಯ ಸುಯ್ ಎಂಬ ಸದ್ದು. ಮನಸ್ಸು ಬೆಳಗಾವಿಗೆ ಹೋದರೆ ಬಯ್ಯಬೇಡಿ, ಅಂಚು ಒಡೆದಲ್ಲಿ ಬೆರಳಿಟ್ಟು ತಿದ್ದುತ್ತೀರಲ್ಲ, ಹಾಗೆ ಮೆಲ್ಲಗೆ ಮರಳಿ ತನ್ನಿ. ಒಂದೊಂದು ರೊಟ್ಟಿ ಹಂಚಿಗೆ ಹಾಕಿದ ಮೇಲೆ ಎರಡೂ ಭುಜಗಳನ್ನು ಕಿವಿಯ ತನಕ ಏರಿಸಿ, ಐದು ಎಣಿಸಿ, ಉಸಿರು ಬಿಡುತ್ತ ಇಳಿಬಿಡಿ. ಉಸಿರು ತೆಗೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನವಾಗಿರಲಿ. ಹದಿನೈದು ರೊಟ್ಟಿ ಆಗುವಷ್ಟರಲ್ಲಿ ಆ ಕಲ್ಲಿನಂಥ ಭುಜ ಎಷ್ಟು ಸಡಿಲವಾಗುತ್ತದೆ ಎಂದು ನನಗೆ ಬರೆದು ತಿಳಿಸಿ. ರಾತ್ರಿ ಮೂರಕ್ಕೆ ಎಚ್ಚರವಾಗಿ ಇಪ್ಪತ್ತು ನಿಮಿಷದಲ್ಲಿ ಮತ್ತೆ ನಿದ್ದೆ ಬರದಿದ್ದರೆ ಹೊರಳಾಡಬೇಡಿ. ಎದ್ದು ಪಡಸಾಲೆಯಲ್ಲಿ ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಹೋಗಿ ಮಲಗಿ. ಆ ಹೊತ್ತಿನಲ್ಲಿ ಮೊಬೈಲ್ ಮುಟ್ಟಬೇಡಿ.

ಪಕ್ಕದ ಮನೆಯ ಗುಳಿಗೆಯ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಇನ್ನೊಂದು ಚೂರನ್ನೂ ಮುಟ್ಟಬೇಡಿ. ನೀವು ಹೆಸರು ಬರೆದಿಲ್ಲ. ಹೀಗೆ ಕೈಯಿಂದ ಕೈಗೆ ಹೋಗುವುದು ಹೆಚ್ಚಾಗಿ ಆಲ್ಪ್ರಜೋಲಮ್, ಕ್ಲೋನಜೆಪಾಮ್‌ನಂಥ ಗುಳಿಗೆಗಳು. ವೈದ್ಯರು ಕೆಲವೊಮ್ಮೆ ಅವನ್ನು ಸ್ವಲ್ಪ ದಿನಕ್ಕೆ ಬರೆಯುತ್ತಾರೆ. ತಾನಾಗಿ ನುಂಗುತ್ತ ಹೋದರೆ ಮೈ ಅದಕ್ಕೆ ಒಗ್ಗಿಕೊಂಡು, ಬಿಡುವುದೇ ದೊಡ್ಡ ಕಷ್ಟವಾಗುತ್ತದೆ. ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೂ ಅಪಾಯ, ವೈದ್ಯರ ಮೇಲ್ವಿಚಾರಣೆಯಲ್ಲಿ ಇಳಿಸುತ್ತ ಬರಬೇಕು. ಆತಂಕಕ್ಕೆ ಮುಖ್ಯವಾಗಿ ಕೊಡುವ ಔಷಧಿಗಳೇ ಬೇರೆ. ಅವು ನಿದ್ದೆಯ ಗುಳಿಗೆಗಳಲ್ಲ, ಚಟ ಹತ್ತಿಸುವುದಿಲ್ಲ. ಆದರೆ ಗುಣ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತದೆ. ನಾಲ್ಕು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸಿದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಮಾತಿನ ಚಿಕಿತ್ಸೆಯೂ ಇದೆ. ಕೆಲವರಿಗೆ ಅದೊಂದೇ ಸಾಕಾಗುತ್ತದೆ, ಕೆಲವರಿಗೆ ಎರಡೂ ಬೇಕಾಗುತ್ತವೆ.

ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ತಜ್ಞರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ ಇದೆ. ಇನ್ನೂ ದೊಡ್ಡದು ಬೇಕೆಂದರೆ ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಇದೆ, ಜನ ಅದನ್ನು ಡಿಮ್ಹಾನ್ಸ್ ಎನ್ನುತ್ತಾರೆ. ಬಸ್ ಹತ್ತುವ ಮೊದಲೇ ಮಾತಾಡಬೇಕು ಎನಿಸಿದರೆ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಎಂದಾದರೂ ಇಣುಕಿದರೆ ಮೂರೂವರೆಯ ಪುಸ್ತಕಕ್ಕೆ ಕಾಯಬೇಡಿ. ಆ ಕ್ಷಣವೇ ಮನೆಯವರನ್ನು ಎಬ್ಬಿಸಿ, ಆ ನಂಬರಿಗೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ.

ಅತ್ತೆಯವರ ಹರಕೆಯನ್ನು ಬೇಡ ಎನ್ನಬೇಡಿ. ಇಬ್ಬರೂ ಸವದತ್ತಿಗೆ ಹೋಗಿ ಬನ್ನಿ. ಸೊಸೆಗಾಗಿ ಈ ವಯಸ್ಸಿನಲ್ಲಿ ಗುಡ್ಡ ಹತ್ತುವ ಅತ್ತೆ ಇರುವುದು ಸಣ್ಣ ಭಾಗ್ಯವಲ್ಲ. ಹೋಗುವಾಗ ವೈದ್ಯರು ಕೊಟ್ಟ ಗುಳಿಗೆ ಚೀಲದಲ್ಲಿರಲಿ. ಯಜಮಾನರಿಗೆ ಈ ಪುಟವನ್ನು ಓದಿಸಿ. ‘ಕಾಳಜಿ ಮಾಡಬೇಡ’ ಎನ್ನುವ ಬದಲು ‘ಪುಸ್ತಕದಲ್ಲಿ ಬರೆದೆಯಾ?’ ಎಂದು ಕೇಳಿದರೆ ಸಾಕು ಎಂದು ನಾನು ಹೇಳಿದೆನೆಂದು ಹೇಳಿ.

ಈಗ ಆ ಒಂಬತ್ತರ ಮಾತು. ನಾನು ಅಂಜಿದ್ದು ಒಂದು ದಿನ ನಿಜವಾಯಿತು. ರಾತ್ರಿಯಲ್ಲ, ಮಟಮಟ ಮಧ್ಯಾಹ್ನ, ನಾನು ವಾರ್ಡಿನಲ್ಲಿ ಜ್ವರದ ಪಟ್ಟಿ ಬರೆಯುತ್ತಿದ್ದಾಗ. ಬೇರೊಬ್ಬರ ಬದಲಿಗೆ ಹಗಲು ಪಾಳಿಗೆ ಹೋಗಿದ್ದರು, ಎದುರಿನಿಂದ ಬಂದ ಲಾರಿ ಬಸ್ಸಿನ ಬಲಬದಿಯನ್ನು ಸವರಿತು. ಅವರನ್ನು ನಮ್ಮ ಆಸ್ಪತ್ರೆಗೇ ತಂದರು. ಬಲಗೈ ಮುರಿದಿತ್ತು, ಹಣೆಯಲ್ಲಿ ರಕ್ತ. ಆರು ವರ್ಷ ಮೊರ ಹಿಡಿದು ನಡುಗಿದ ನನ್ನ ಕೈ ಆವತ್ತು ನಡುಗಲಿಲ್ಲ. ತೋಳಿಗೆ ಆಸರೆ ಕಟ್ಟಿದೆ, ಗಾಯ ಒರೆಸಿದೆ, ಎಕ್ಸ್‌ರೇ ಕೋಣೆಗೆ ಗಾಡಿ ತಳ್ಳಿಕೊಂಡು ಹೋದೆ. ಅತ್ತದ್ದು ಪ್ಲಾಸ್ಟರ್ ಹಾಕಿ ಮುಗಿದ ಮೇಲೆ. ಆ ದಿನ ನನಗೆ ಬೇಕಾಗಿದ್ದದ್ದೆಲ್ಲ ನರ್ಸಿನ ಕೆಲಸದಿಂದ ಬಂದಿತ್ತು, ರಾತ್ರಿಗಳ ಜಾಗರಣೆಯಿಂದ ಒಂದು ಚೂರೂ ಬರಲಿಲ್ಲ. ನಿಮ್ಮ ಕೈಗೂ ಕೆಲಸ ಗೊತ್ತಿದೆ, ತಂಗಿ. ಹೊತ್ತು ಬಂದರೆ ಅದು ಮಾಡುತ್ತದೆ.

ಪ್ರಶ್ನೆ: ಅಕ್ಕಾ, ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗೆ ನನ್ನ ನಾಲ್ಕು ಎಕರೆ ಹೊಲವಿದೆ. ವಯಸ್ಸು 52. ಆಲಮಟ್ಟಿಯ ಎತ್ತರ ಹೆಚ್ಚಾದರೆ ಹೊಲವೂ ಮನೆಯೂ ಹೋಗುತ್ತವೆ. ಹೋಗುತ್ತವೆ ಎನ್ನುವವರೂ ಇದ್ದಾರೆ, ಹೋಗುವುದಿಲ್ಲ ಎನ್ನುವವರೂ ಇದ್ದಾರೆ. ಬೋರ್ ಹಾಕಿಸಲೇ, ಬೇಡವೇ? ಮಗನ ಮದುವೆಗೆ ಮೊದಲು ಒಂದು ಕೋಣೆ ಕಟ್ಟಿಸಲೇ, ಬೇಡವೇ? ಹತ್ತು ವರ್ಷದಿಂದ ಇದೇ. ದಿನವೂ ಚಹಾದ ಅಂಗಡಿಯಲ್ಲಿ ಇದೇ ಮಾತು ಕೇಳಿ ಬರುತ್ತೇನೆ. ರಾತ್ರಿ ಸ್ವಲ್ಪ ಕುಡಿಯದಿದ್ದರೆ ನಿದ್ದೆ ಬರುವುದಿಲ್ಲ.

– ಒಬ್ಬ ರೈತ, ಬೀಳಗಿ ತಾಲ್ಲೂಕು

ಉತ್ತರ: ತಮ್ಮಾ, ನಿಮ್ಮದು ಮೇಲಿನ ತಂಗಿಯ ಚಿಂತೆಯಂಥದ್ದಲ್ಲ. ಹಿನ್ನೀರಿನ ಮಟ್ಟ ಈಗ 519.60 ಮೀಟರ್, ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ಗೆ ಒಪ್ಪಿಗೆ ಕೊಟ್ಟಿದೆ. ನಡುವಿನ ಆ ನಾಲ್ಕೂವರೆ ಮೀಟರ್ ಚಿಲ್ಲರೆಯಲ್ಲಿ ನಿಮ್ಮ ಹೊಲ ಇದ್ದರೆ ಅಂಜಿಕೆ ಬರುವುದು ಸಹಜ, ಅದನ್ನು ಕಾಯಿಲೆ ಎನ್ನಲಾರೆ. ನಾನೂ ಹಳೆಯ ಬಾಗಲಕೋಟೆಯವಳು. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅಲ್ಲಿಂದ ಮೂರು ದಶಕಕ್ಕೂ ಹೆಚ್ಚು ಕಾಲ ನಮ್ಮ ಊರು ‘ನೀರು ಬರುತ್ತದೆ’ ಎಂಬ ಮಾತಿನ ಜೊತೆಗೇ ಉಂಡು ಮಲಗಿತು.

ಮೊದಲು ಕುಡಿತದ ಮಾತು. ಅದು ನಿದ್ದೆ ತಂದಂತೆ ಮಾಡಿ ಬೆಳಗಿನ ಜಾವಕ್ಕೆ ಎಬ್ಬಿಸುತ್ತದೆ, ಎದ್ದ ಹೊತ್ತಿಗೆ ಎದೆಯ ಅಂಜಿಕೆ ಇಮ್ಮಡಿ. ದಿನವೂ ಬಹಳ ಕುಡಿಯುವವರಾಗಿದ್ದರೆ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ, ಅದೂ ಜೀವಕ್ಕೆ ಕಷ್ಟ. ವೈದ್ಯರಿಗೆ ಅಳತೆಯನ್ನು ಮುಚ್ಚಿಡದೆ ಹೇಳಿ.

ಕೈಯಲ್ಲಿರುವ ಕೆಲಸವನ್ನು ಮಾಡಿ. ಪಹಣಿ, ವಾರಸಾ ಕಾಗದ, ಮನೆಯ ಉತಾರ, ಪೈಪ್‌ಲೈನಿನ ರಸೀದಿ, ಹೊಲದಲ್ಲಿರುವ ಗಿಡಗಳ ಫೋಟೊ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಹೆಸರಿನಲ್ಲಿ ತಪ್ಪಿದ್ದರೆ, ಅಣ್ಣತಮ್ಮಂದಿರ ಪಾಲು ಬರೆದಾಗಿರದಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ನಮ್ಮ ಓಣಿಯಲ್ಲಿ ಪರಿಹಾರ ಬಂದ ಕಾಲಕ್ಕೆ ಹೆಚ್ಚು ನೊಂದವರು ಈ ಕೆಲಸವನ್ನು ಮುಂದೆ ಹಾಕಿದವರು. ಪುನರ್ವಸತಿ ಆಯುಕ್ತರ ಕಚೇರಿ ನವನಗರದಲ್ಲಿದೆ. ತಿಂಗಳಿಗೆ ಒಂದು ದಿನ ಗೊತ್ತುಮಾಡಿಕೊಂಡು ಹೋಗಿ ವಿಚಾರಿಸಿ ಬನ್ನಿ, ಉಳಿದ ದಿನ ಚಹಾದ ಅಂಗಡಿಯಲ್ಲಿ ಈ ಮಾತು ಬಂದರೆ ಎದ್ದು ಬನ್ನಿ. ವರ್ಷದೊಳಗೆ ಫಲ ಕೊಡುವ ಬೆಳೆಗೆ ಹಿಂದೆಮುಂದೆ ನೋಡಬೇಡಿ. ದೊಡ್ಡ ಸಾಲ ಮಾಡಿ ಬೋರ್ ಹಾಕಿಸುವುದನ್ನು ಸದ್ಯಕ್ಕೆ ತಡೆಯಿರಿ ಎಂಬುದು ನನ್ನ ಅಭಿಪ್ರಾಯ. ಆದರೆ ಮಗನಿಗೆ ಒಂದು ಕೋಣೆ ಬೇಕು ಎಂದರೆ ಕಟ್ಟಿಸಿ. ಸೊಸೆ ಬರುವ ಮನೆ ಅದು.

ನಮ್ಮ ಮನೆಯ ಗೋಡೆಯ ಮೇಲೂ ಸರ್ವೆಯವರು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಆ ಮೇಲೆ ಓಣಿಯ ಎಷ್ಟೋ ಮನೆಗಳು ಸುಣ್ಣ ಕಾಣಲಿಲ್ಲ. ಹೇಗಿದ್ದರೂ ಮುಳುಗುವ ಮನೆಗೆ ಯಾಕೆ ಎಂದರು. ಉದುರಿದ ಗಿಲಾವು, ಮುರಿದ ಬಾಗಿಲು ಹಾಗೆಯೇ ಬಿಟ್ಟು ಹತ್ತು, ಹದಿನೈದು ವರ್ಷ ಬದುಕಿದರು. ಮಕ್ಕಳು ಅದೇ ಮನೆಗಳಲ್ಲಿ ಬೆಳೆದು ದೊಡ್ಡವರಾದರು. ನಮ್ಮ ಅತ್ತೆ ಮಾತ್ರ ಪ್ರತಿವರ್ಷ ಮಹಾನವಮಿಗೆ ಮುಂಚೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಮೇಲೆ ಸುಣ್ಣ, ಕೆಳಗೆ ಒಂದು ಮೊಳ ಕೆಮ್ಮಣ್ಣು ಸಾರಿಸುತ್ತಿದ್ದರು. ಸರ್ಕಾರದವರು ಬಂದರೆ ಬೇಕಾಗುತ್ತದೆಂದು ಆ ನಂಬರಿನ ಸುತ್ತ ನಾಲ್ಕು ಬೆರಳು ಜಾಗ ಬಿಡುತ್ತಿದ್ದರು. ನಾವು ನವನಗರಕ್ಕೆ ಗಂಟುಮೂಟೆ ಕಟ್ಟಿದ ವರ್ಷವೂ ಮಹಾನವಮಿಗೆ ಹಾಗೆಯೇ ಹಚ್ಚಿದರು, ನಂಬರು ಬಿಟ್ಟು.